ನೂರಿಪ್ಪತ್ತೆಂಟರ ಆಸುಪಾಸು

ಪುಣೆ
12 ಜುಲೈ 2023

ಪ್ರೀತಿಯ ಚಿಕ್ಕಿ,

ಕಾಗದ ನೋಡಿ ಗಾಬರಿಯಾಗಬೇಡ, ನಾನು ಚೆನ್ನಾಗಿದ್ದೇನೆ. ಫೋನ್ ಮಾಡಿದರೆ ಸುಧೀರ ಮಾವ ಅದನ್ನು ಸ್ಪೀಕರಿಗೆ ಹಾಕಿ ಚಾವಡಿಯಲ್ಲಿ ಇಡುತ್ತಾರೆ. ನಿನ್ನೊಬ್ಬಳ ಹತ್ತಿರ ಹೇಳಬೇಕಾದದ್ದು ಹೇಳಲಿಕ್ಕಾಗುವುದಿಲ್ಲ. ನೀನು ಪೋಸ್ಟ್ ಆಫೀಸಿನಲ್ಲೇ ಇರುವವಳು, ನಿನ್ನ ಹೆಸರಿನ ಕಾಗದವನ್ನು ನಿನಗಿಂತ ಮೊದಲು ಯಾರೂ ಒಡೆಯುವುದಿಲ್ಲವಲ್ಲ.

ನನ್ನ ಪಿಎಚ್.ಡಿ.ಗೆ ಇದು ಐದನೇ ವರ್ಷ. ನೀನು ಪ್ರತಿ ಸಲ ಕೇಳುತ್ತೀ, "ಅದೆಂತ ಓದುದ್ ಹೆಣ್ಣೇ, ಮುಗಿತೇ ಇಲ್ಯಲೆ?" ಅಂತ. ಈ ಸಲ ಸರಿಯಾಗಿ ಹೇಳುತ್ತೇನೆ. ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ಗ್ಲೂಕೋಕೈನೇಸ್ ಎಂಬ ಒಂದು ಕಿಣ್ವ ಇದೆ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ಗೊತ್ತುಮಾಡಿಕೊಳ್ಳುವ ಕೆಲಸ ಅದರದ್ದು. ಸಕ್ಕರೆ ಒಂದು ಮಟ್ಟ ದಾಟಿತು ಎಂದು ಅದಕ್ಕೆ ತಿಳಿದರೆ ಮಾತ್ರ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಆ ಕಿಣ್ವದ ಆಕಾರ ಹೇಗಿದೆ, ಅದರಲ್ಲಿ ಒಂದು ಸಣ್ಣ ತುಣುಕು ಬದಲಾದರೆ ಏನಾಗುತ್ತದೆ ಎಂದು ನಾನು ನೋಡುತ್ತಿದ್ದೇನೆ. ಆಕಾರ ನೋಡಬೇಕಾದರೆ ಅದು ಹರಳಾಗಬೇಕು. ಎರಡು ವರ್ಷದಿಂದ ಹರಳಾಗುತ್ತಿಲ್ಲ. ನಾಲ್ಕು ಡಿಗ್ರಿಯ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತು ಮತ್ತೆ ಮತ್ತೆ ಅದೇ ಕೆಲಸ ಮಾಡುತ್ತೇನೆ. ಬೆರಳು ಮರಗಟ್ಟಿ ಅಕ್ಷರ ಹೀಗೆ ಸೊಟ್ಟಗಾಗಿದೆ.

ಈಗ ನಿನ್ನಿಂದ ಒಂದು ಉಪಕಾರ ಬೇಕು. ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು, ಮಾವನಿಗಿದೆ, ನಿನಗಿದೆ. ಮೂವರಿಗೂ ಮೂವತ್ತರ ಒಳಗೇ ಬಂದದ್ದು. ಮೂವರೂ ಸಪೂರ. ಇಂಥ ಮನೆಗಳು ನಮ್ಮ ಅಧ್ಯಯನಕ್ಕೆ ಬೇಕು. ಇದರೊಟ್ಟಿಗೆ ಒಂದು ಚಿಕ್ಕ ಕೊಳವೆ ಇಟ್ಟಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ, ಬಾಯಿ ತೊಳೆಯುವ ಮೊದಲು, ಗೆರೆಯ ತನಕ ಎಂಜಲು ತುಂಬಿಸಿ ಮುಚ್ಚಳ ಬಿಗಿದು ಕಳಿಸು. ಒಪ್ಪಿಗೆಯ ಕಾಗದಕ್ಕೆ ಸಹಿ ಬೇಕು. ಬರೀ ಓದಿಗೆ, ಬೇರೇನಿಲ್ಲ.

ನಿನ್ನ
ನಿಶ್ಮಿತಾ

ಉಪ್ಪುಂದ
24 ಜುಲೈ 2023

ಪ್ರೀತಿಯ ನಿಶ್ಮಿತಾ,

ಕಾಗದ, ಕೊಳವೆ ಎರಡೂ ತಲುಪಿದವು. ಇಪ್ಪತ್ತಾರು ವರ್ಷದಿಂದ ಊರವರ ಕಾಗದ, ಪಾರ್ಸೆಲು, ಪೆನ್ಶನ್ನು ಎಲ್ಲ ದಾಟಿಸಿದ್ದೇನೆ. ಸ್ವಂತ ಎಂಜಲನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುವ ದಿನ ಬರುತ್ತದೆಂದು ಅಂದುಕೊಂಡಿರಲಿಲ್ಲ. ಒಳಗೆ ಎಂತ ಇದೆ ಎಂದು ರಸೀದಿಯಲ್ಲಿ ಬರೆಯುವಾಗ ನಾಚಿಕೆಯಾಗಿ "ಶೈಕ್ಷಣಿಕ ಸಾಮಗ್ರಿ" ಅಂತ ಬರೆದೆ.

ನೀನು ಕೇಳದಿದ್ದರೂ ಸಕ್ಕರೆ ಬರೆದಿಡುವ ನನ್ನ ಪುಸ್ತಕದಿಂದ ಕೆಲವು ಅಂಕೆ ಬರೆದು ಕಳಿಸುತ್ತೇನೆ. 1997ರಲ್ಲಿ ಕೆಲಸಕ್ಕೆ ಸೇರುವ ಮೊದಲಿನ ತಪಾಸಣೆಯಲ್ಲಿ ಬರೀ ಹೊಟ್ಟೆಯಲ್ಲಿ ನೂರಿಪ್ಪತ್ತೆಂಟು. ಕಳೆದ ತಿಂಗಳು ನೂರಿಪ್ಪತ್ತೇಳು. ನಡುವೆ ಒಂದು ಸಲವೂ ನೂರ ನಲ್ವತ್ತು ದಾಟಿದ್ದಿಲ್ಲ. ಕುಂದಾಪುರದ ಹಳೇ ಡಾಕ್ಟ್ರು ಬದುಕಿರುವ ತನಕ ಬೇರೆ ರೋಗಿಗಳಿಗೆ ನನ್ನನ್ನು ತೋರಿಸಿ ಹೇಳುತ್ತಿದ್ದರು, "ಕಾಣಿ, ಸರಸಮ್ಮನ್ ಕಂಡ್ ಕಲೀನಿ. ಇಷ್ಟ್ ಶಿಸ್ತಿನ್ ಪೇಷಂಟ್ ನಂಗೆ ಮತ್ತೊಬ್ರಿಲ್ಲ." ದಿನಕ್ಕೆರಡು ಸೂಜಿ ಒಂದು ದಿನವೂ ತಪ್ಪಿಸಿದವಳಲ್ಲ. ಹಬ್ಬಕ್ಕೆ ಪಾಯಸ ಮಾಡಿದ್ದೇನೆ, ರುಚಿ ನೋಡಿದ್ದಿಲ್ಲ. ನನಗೆ ಬೇರೆ ಯಾವುದರಲ್ಲೂ ರ‍್ಯಾಂಕ್ ಬಂದದ್ದಿಲ್ಲ, ಇದರಲ್ಲಿ ಬಂದಿದೆ ಅಂತ ಇಟ್ಟುಕೋ.

ಒಂದು ಬೇಜಾರಿನ ವಿಷಯ. ನಿನ್ನ ಮಾವನ ಮಗಳು ಶ್ರಾವ್ಯ ಬಸುರಿ, ಈಗ ನಾಲ್ಕು ತಿಂಗಳು. ಬ್ರಹ್ಮಾವರದ ಡಾಕ್ಟ್ರು ಅವಳಿಗೂ ಸಕ್ಕರೆ ಅಂದಿದ್ದಾರೆ. ಇನ್ಸುಲಿನ್ ಶುರುಮಾಡಿದ್ದಾರೆ. ಅವಳ ಅತ್ತೆ ಫೋನಿನಲ್ಲಿ, "ನಿಮ್ಮನಿ ಕಡೆಯಂಗೆ ಎಲ್ಲರ್ಗೂ ಇದೇ ಕಥೆ ಅಲ್ದಾ? ಮದಿಗ್ ಮುಂಚೆ ಹೇಳ್ಳೇ ಇಲ್ಲ" ಅಂದರಂತೆ. ನಿನ್ನ ಮಾವ ಅಂದು ಊಟ ಮಾಡಲಿಲ್ಲ. ನಾನು ಮೊನ್ನೆ ಹೋಗಿ ಸೂಜಿ ಎಲ್ಲಿ ಚುಚ್ಚಬೇಕು, ಹೇಗೆ ಚುಚ್ಚಿದರೆ ನೋಯುವುದಿಲ್ಲ ಎಂದು ಅವಳಿಗೆ ತೋರಿಸಿಕೊಟ್ಟು ಬಂದೆ.

ಸೊಂಟನೋವು ಜಾಸ್ತಿ. ಪೆನ್ಶನ್ ಕೊಡುವ ಕೈಯಂತ್ರಕ್ಕೆ ಸಿಗ್ನಲ್ ಸಿಗುವುದಿಲ್ಲ. ವನಜ ಬಂದು ಹೊರಗಿನ ಹಲಸಿನ ಮರದ ಬುಡದಲ್ಲಿ ಅದನ್ನು ಎತ್ತಿ ಹಿಡಿದು ನಿಲ್ಲುತ್ತಾಳೆ. ಅವಳು ನಮ್ಮಲ್ಲಿ ಟಪಾಲು ಹಂಚುವವಳು. ಇಬ್ಬರಿಗೂ ಸಾಕಾಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣು.

ಸರಸ ಚಿಕ್ಕಿ

ಪುಣೆ
20 ಸೆಪ್ಟೆಂಬರ್ 2023

ಪ್ರೀತಿಯ ಚಿಕ್ಕಿ,

ತಡವಾದದ್ದಕ್ಕೆ ಕ್ಷಮಿಸು. ನಿನ್ನ ಎಂಜಲಿನ ಫಲಿತಾಂಶ ನಿನ್ನೆ ಬಂತು.

ಚಿಕ್ಕಿ, ನಿನಗೆ ಕಾಯಿಲೆ ಇಲ್ಲ! ನೀನು ಅಂದುಕೊಂಡ ಕಾಯಿಲೆ ಇಲ್ಲ. ನಿನ್ನ ಗ್ಲೂಕೋಕೈನೇಸಿನಲ್ಲಿ ಒಂದೇ ಒಂದು ತುಣುಕು ಬದಲಾಗಿದೆ. ಹುಟ್ಟುವಾಗಲೇ ಹಾಗಿತ್ತು. ಹೇಗೆಂದು ಹೇಳುತ್ತೇನೆ ಕೇಳು. ಉಳಿದವರಲ್ಲಿ ಸಕ್ಕರೆ ತೊಂಬತ್ತರ ಹತ್ತಿರ ಬಂದರೆ ಆ ಕಿಣ್ವಕ್ಕೆ ಎಚ್ಚರವಾಗುತ್ತದೆ. ನಿನ್ನದಕ್ಕೆ ನೂರಿಪ್ಪತ್ತೈದಾದ ಮೇಲೆ ಎಚ್ಚರವಾಗುತ್ತದೆ, ಅಷ್ಟೆ. ಆಮೇಲೆ ಅದು ಎಲ್ಲರಲ್ಲಿ ಮಾಡುವ ಕೆಲಸವನ್ನೇ ಮಾಡುತ್ತದೆ. ಹಾಗಾಗಿ ನಿನ್ನ ಸಕ್ಕರೆ ಸ್ವಲ್ಪ ಮೇಲೆ ನಿಂತಿದೆ, ಆದರೆ ಅಲ್ಲೇ ನಿಂತಿದೆ. ಏರುವುದಿಲ್ಲ. ಕಣ್ಣು, ಮೂತ್ರಪಿಂಡ, ಕಾಲು ಯಾವುದನ್ನೂ ಸಾಮಾನ್ಯವಾಗಿ ಕೆಡಿಸುವುದಿಲ್ಲ. ಇದಕ್ಕೆ ಮದ್ದು ಬೇಡ. ಮದ್ದು ಕೊಟ್ಟರೂ ಅಂಕೆ ಬದಲಾಗುವುದಿಲ್ಲ. ಹೊರಗಿನಿಂದ ನೀನು ಎಷ್ಟು ಇನ್ಸುಲಿನ್ ಹಾಕಿಕೊಂಡೆಯೋ, ಒಳಗಿನ ಗ್ರಂಥಿ ಅಷ್ಟು ಕಡಿಮೆ ಮಾಡಿದೆ. ಸೂಜಿ ಹಾಕಿದರೂ, ಬಿಟ್ಟರೂ ನಿನ್ನ ನೂರಿಪ್ಪತ್ತೆಂಟು ನೂರಿಪ್ಪತ್ತೆಂಟೇ!

ಆದರೆ ನೀನಾಗಿ ಸೂಜಿ ನಿಲ್ಲಿಸಬೇಡ. ನಮ್ಮದು ಸಂಶೋಧನೆಯ ಲ್ಯಾಬು, ಡಾಕ್ಟರು ನಮ್ಮ ಕಾಗದವನ್ನು ಒಪ್ಪುವುದಿಲ್ಲ. ಒಂದು ಚೀಟಿ ಇಟ್ಟಿದ್ದೇನೆ. ಕುಂದಾಪುರದಲ್ಲಿ ಈಗ ಬಂದಿರುವ ಹೊಸ ಡಾಕ್ಟರಿಗೆ ತೋರಿಸು. ಅವರು ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಶ್ರಾವ್ಯಳದ್ದು ಅವಸರದ ವಿಷಯ. ಅವಳಿಗೆ ನಿನ್ನೆಯೇ ಫೋನ್ ಮಾಡಿದೆ. ಬೆಳಗಿನ ಅಂಕೆ ಇಳಿಯುವುದಿಲ್ಲವೆಂದು ವಾರ ವಾರವೂ ಇನ್ಸುಲಿನ್ ಏರಿಸುತ್ತಿದ್ದಾರಂತೆ. ಸ್ಕ್ಯಾನಿಂಗಿನಲ್ಲಿ ಮಗು ದಿನಕ್ಕೆ ತಕ್ಕಷ್ಟು ಬೆಳೆದಿಲ್ಲವಂತೆ. ಮಗುವಿಗೂ ಇದೇ ಕಿಣ್ವ ಬಂದಿದ್ದರೆ ಅದಕ್ಕೆ ಬೆಳೆಯಲು ಈ ಸ್ವಲ್ಪ ಹೆಚ್ಚಿನ ಸಕ್ಕರೆಯೇ ಬೇಕು, ಇಳಿಸಿದರೆ ಸಣಕಲಾಗುತ್ತದೆ. ಅವಳೂ ಪರೀಕ್ಷೆಗೆ ಕೊಡಬೇಕು. ನೀನು ಜೊತೆಗೆ ಹೋಗು.

ಚಿಕ್ಕಿ, ಐದು ವರ್ಷದಲ್ಲಿ ನನ್ನ ಕೆಲಸದಿಂದ ಒಬ್ಬರಿಗಾದರೂ ಒಳ್ಳೆಯದಾಯಿತು ಅಂತ ಇದೇ ಮೊದಲು ಅನಿಸಿದ್ದು. ಅದೂ ನಿನಗೆ. ಇವತ್ತೇ ಒಂದು ಹೋಳಿಗೆ ತಿನ್ನು.

ನಿನ್ನ
ನಿಶ್ಮಿತಾ

ಉಪ್ಪುಂದ
3 ಅಕ್ಟೋಬರ್ 2023

ನಿಶ್ಮಿತಾ,

ಕಾಗದ ತಲುಪಿತು. ಶ್ರಾವ್ಯಳನ್ನು ಕರೆದುಕೊಂಡು ಹೋಗಿದ್ದೆ. ಅವಳ ರಕ್ತ ಬೆಂಗಳೂರಿಗೆ ಕಳಿಸಿದ್ದಾರೆ. ನನ್ನದೂ ಕೊಟ್ಟಿದ್ದೇನೆ.

ಇಲ್ಲಿ ಮಳೆ ಕಡಿಮೆಯಾಗಿದೆ.

ಸರಸ ಚಿಕ್ಕಿ

ಪುಣೆ
8 ನವೆಂಬರ್ 2023

ಪ್ರೀತಿಯ ಚಿಕ್ಕಿ,

ನಾಲ್ಕು ಸಾಲಿನ ಕಾಗದ ಬಂದು ತಿಂಗಳ ಮೇಲಾಯಿತು. ಫೋನ್ ಮಾಡಿದರೆ ಮಾವ ತೆಗೆದು, "ಅವ್ಳ್ ಆಫೀಸಂಗಿತ್ಲ್" ಅನ್ನುತ್ತಾರೆ. ಭಾನುವಾರವೂ ಹಾಗೇ ಅಂದರು.

ನೀನು ಸಿಟ್ಟಾಗಿದ್ದೀಯಾ? ನಾನು ನಿನ್ನನ್ನು ಪ್ರಯೋಗಕ್ಕೆ ಬಳಸಿಕೊಂಡೆ ಅಂತಲಾ? ಅಥವಾ ನಾನು ಹೇಳಿದ್ದು ನಂಬಿಕೆ ಬರಲಿಲ್ಲವಾ? ಸೂಜಿ ಬಿಟ್ಟಿದ್ದರೆ ಅದರಿಂದ ಏನಾದರೂ ತೊಂದರೆಯಾಯಿತಾ? ಡಾಕ್ಟರು ಏನು ಹೇಳಿದರು ಅಂತಾದರೂ ಬರೆ.

ಶ್ರಾವ್ಯ ಹೇಳಿದಳು, ಅವಳ ಫಲಿತಾಂಶ ಬಂತಂತೆ, ನಿನ್ನಂತೆಯೇ ಇದೆಯಂತೆ. ಇನ್ಸುಲಿನ್ ನಿಲ್ಲಿಸಿದ್ದಾರೆ, ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಮಾಡುತ್ತಿದ್ದಾರೆ, ಮಗು ತೂಕ ಹಿಡಿಯುತ್ತಿದೆಯಂತೆ. "ಸರಸತ್ತೆ ಪ್ರತಿ ಸಲ ಬತ್ರ್, ಆರೆ ಒಂದ್ ಮಾತೂ ಆಡುದಿಲ್ಲ" ಅಂದಳು.

ಇಲ್ಲಿ ಹರಳು ಇನ್ನೂ ಆಗಿಲ್ಲ. ಹದಿನಾಲ್ಕನೇ ಸಲ ಪ್ರೋಟೀನು ಮೊಸರಿನಂತೆ ಒಡೆದು ಬುಡಕ್ಕೆ ಕೂತಿತು. ನಮ್ಮ ಗೈಡ್ ಮೇಡಂ ಈಗ ಬೈಯುವುದನ್ನೂ ಬಿಟ್ಟಿದ್ದಾರೆ. ನಿನ್ನ ಸಮಾಚಾರ ಇಲ್ಲದೆ ಇಲ್ಲಿ ಕೂತಿರುವುದು ಕಷ್ಟ.

ನಿಶ್ಮಿತಾ

ಉಪ್ಪುಂದ
2 ಜನವರಿ 2024

ಪ್ರೀತಿಯ ನಿಶ್ಮಿತಾ,

ಶ್ರಾವ್ಯಳಿಗೆ ಡಿಸೆಂಬರ್ ಇಪ್ಪತ್ತೆಂಟಕ್ಕೆ ಕುಂದಾಪುರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಆಯಿತು. ಎರಡೂವರೆ ಕೆ.ಜಿ.ಗೆ ಸ್ವಲ್ಪ ಮೇಲೆ. ನಿನಗೆ ಫೋನಿನಲ್ಲಿ ಗೊತ್ತಾಗಿರುತ್ತದೆ. ತಾಯಿ, ಮಗು ಈಗ ನಮ್ಮ ಮನೆಯಲ್ಲಿದ್ದಾರೆ. ಬಟ್ಟೆ ಒಗೆಯುವುದು, ನೀರು ಕಾಯಿಸುವುದು ನನ್ನ ಪಾಲಿಗೆ. ಮಗು ಮಲಗಿದೆ, ಇವತ್ತು ಆಫೀಸಿಗೆ ರಜೆ ಹಾಕಿದ್ದೇನೆ. ಅದಕ್ಕೇ ಬರೆಯಲಿಕ್ಕೆ ಕೂತೆ.

ಸಿಟ್ಟಾ ಎಂದು ಕೇಳಿದ್ದಿ. ನಿನ್ನ ಮೇಲಲ್ಲ.

ಅಕ್ಟೋಬರ್ ಕೊನೆಗೆ ಆ ಹೊಸ ಡಾಕ್ಟ್ರು ಕರೆದರು. ಚಿಕ್ಕ ಪ್ರಾಯದ ಹೆಣ್ಣು, ನಿನ್ನಷ್ಟೇ ಇರಬಹುದು. ಕಾಗದ ನೋಡಿ ನಗಾಡಿಕೊಂಡು, "ಅಮ್ಮ, ನೀವು ಹೇಳಿದ್ದು ಸರಿ. ನಿಮ್ಮ ಗ್ರಂಥಿ ಸರಿಯಾಗೇ ಇನ್ಸುಲಿನ್ ಮಾಡ್ತಾ ಇದೆ. ಇವತ್ತಿನಿಂದ ಸೂಜಿ ಬೇಡ. ಖುಷಿಯಾಯ್ತಾ?" ಅಂದರು.

ನಾನು ಕೇಳಿದೆ, "ಹಾಂಗಾರೆ ಇಷ್ಟ್ ವರ್ಷ ನಾನ್ ಚುಚ್ಕಂಡದ್ದ್ ಎಂತಕ್?"

ಅವರು ಕಂಪ್ಯೂಟರ್ ನೋಡಿದರು. "ಆಗ ಈ ಪರೀಕ್ಷೆ ಇರಲಿಲ್ಲಮ್ಮ. ಎಳೆ ಪ್ರಾಯ, ಸಪೂರ ಮೈ. ಇನ್ಸುಲಿನ್ ಇಲ್ಲದಿದ್ರೆ ಜೀವಕ್ಕೇ ಅಪಾಯ ಅಂತ ಅವರು ಅಂದ್ಕೊಂಡಿರ್ಬೇಕು. ತಪ್ಪು ಅಂತ ಹೇಳ್ಲಿಕ್ಕಾಗುವುದಿಲ್ಲ."

"ತಪ್ಪಂದೆಳಿ ನಾನೂ ಹೇಳುದಿಲ್ಲ" ಅಂದೆ. ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂತೆ. ಬೈಂದೂರು ಕಡೆಯ ಮೂರು ಬಸ್ಸು ಹೋದವು. ಹತ್ತುವ ಮನಸ್ಸಾಗಲಿಲ್ಲ.

ಮನೆಗೆ ಬಂದು ಅಣ್ಣನಿಗೆ ಹೇಳಿದರೆ ಅವನು ಎದ್ದು ಕೂತ. "ಎಂತ? ನಂಗೂ ಇಲ್ಯಾ? ಮೂವತ್ ವರ್ಷ ನಾ ಹಾಗಲಕಾಯ್ ರಸ ಕುಡ್ದದ್ದ್ ಯಾರ್ ಉದ್ಧಾರಕ್ಕೆ ಮಾರಾಯ್ತಿ?" ಎಂದು ಆ ಹೊತ್ತಿನಲ್ಲೇ ಅಂಗಡಿಗೆ ಹೋಗಿ ಜಿಲೇಬಿ ತಂದು ತಿಂದ. ಮಾರನೇ ದಿನ ಹೊಟ್ಟೆ ಕೆಟ್ಟು ಮಲಗಿದ. ಅವನಿಗೆ ಅಷ್ಟಕ್ಕೇ ಮುಗಿಯಿತು. ನನಗೆ ಹಾಗೆ ಮುಗಿಯುವುದಿಲ್ಲ.

ನಿನಗೆ ಒಂದು ವಿಷಯ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. 98ರಲ್ಲಿ ನನಗೆ ಒಂದು ಸಂಬಂಧ ಗೊತ್ತಾಗಿತ್ತು. ಬ್ರಹ್ಮಾವರದ ರವಿಚಂದ್ರ ಎನ್ನುವವರು, ಪ್ರಾಥಮಿಕ ಶಾಲೆಯಲ್ಲಿ ಮಾಸ್ಟ್ರು. ಸಕ್ಕರೆ ಇದೆ ಎಂದು ತಿಳಿದು ಗಂಡಿನ ಕಡೆಯವರೇ ಬಿಟ್ಟರು ಅಂತ ಮನೆಯಲ್ಲಿ ಈಗಲೂ ಹೇಳುತ್ತಾರೆ. ನಿನ್ನ ಅಮ್ಮ ಅವರ ಮನೆಯವರನ್ನು ಬೈದುಕೊಂಡೇ ತೀರಿಹೋದಳು.

ಅವರು ಬಿಟ್ಟದ್ದಲ್ಲ. ಅವರ ಅಪ್ಪ ಅಮ್ಮ ಹಿಂದೆಮುಂದೆ ನೋಡಿದ್ದು ಹೌದು. ಆದರೆ ಅವರೇ ಒಂದು ದಿನ ಬಸ್ಸು ಹತ್ತಿ ನಮ್ಮ ಪೋಸ್ಟ್ ಆಫೀಸಿಗೆ ಬಂದರು. ಕಿಟಕಿಯ ಆಚೆ ನಿಂತು ಎರಡು ಇನ್‌ಲ್ಯಾಂಡ್ ಲೆಟರ್ ಕೇಳಿದರು. ಆಮೇಲೆ ಮೆಲ್ಲಗೆ, "ಸಕ್ಕರೆ ಇದ್ರೆ ಇರ್ಲಿ. ಸೂಜಿ ಹಾಕುದ್ ನಾನೂ ಕಲ್ತ್ಕಂತೆ. ನಿಮ್ಗ್ ಒಪ್ಪಿಗೆ ಇತ್ತಾ, ಅದೊಂದ್ ಹೇಳಿ" ಅಂದರು.

ಎರಡು ದಿನ ಬಿಟ್ಟು ಬೇಡ ಅಂತ ನಾನೇ ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದೆ. ಇಂಥ ಕಾಯಿಲೆಯವಳು ನಲ್ವತ್ತಕ್ಕೆ ಕುರುಡಾಗಬಹುದು, ಮಕ್ಕಳು ನಿಲ್ಲದೆ ಹೋಗಬಹುದು ಅಂತ ಡಾಕ್ಟ್ರು ಹೇಳಿದ್ದರು. ಒಳ್ಳೆಯ ಮನುಷ್ಯನ ತಲೆಗೆ ಅದನ್ನು ಕಟ್ಟುವುದು ಬೇಡ ಅನಿಸಿತು. ಕಾಗದಕ್ಕೆ ನಾನೇ ಮುದ್ರೆ ಒತ್ತಿ ಚೀಲಕ್ಕೆ ಹಾಕಿದೆ. ಅವರು ಅದನ್ನು ಯಾರಿಗೂ ತೋರಿಸಲಿಲ್ಲ, ತಾನೇ ಬಿಟ್ಟದ್ದು ಎಂಬ ಮಾತನ್ನು ಹೊತ್ತುಕೊಂಡರು.

ಅವರಿಗೆ ಮದುವೆಯಾಗಿ ಇಬ್ಬರು ಮಕ್ಕಳು. ಈಗ ನಿವೃತ್ತಿ ಹತ್ತಿರ ಬಂದಿರಬೇಕು. ನನಗೆ ಅವರನ್ನು ನೋಡಬೇಕೆಂದೇನೂ ಇಲ್ಲ. ಬ್ರಹ್ಮಾವರಕ್ಕೆ ಶ್ರಾವ್ಯಳ ಮನೆಗೆ ಅಷ್ಟು ಸಲ ಹೋದೆ, ಅವರ ಮನೆಯ ರಸ್ತೆಯಲ್ಲಿ ನಡೆಯಲೂ ಇಲ್ಲ. ಆದರೆ ನಿನ್ನ ಕಾಗದದಲ್ಲಿ "ಹುಟ್ಟುವಾಗಲೇ ಹಾಗಿತ್ತು, ಏನನ್ನೂ ಕೆಡಿಸುವುದಿಲ್ಲ" ಎಂದು ಓದಿದಾಗ ಮೊದಲು ನೆನಪಾದದ್ದು ಆ ಇನ್‌ಲ್ಯಾಂಡ್ ಲೆಟರು. ನೀನು ಹೋಳಿಗೆ ತಿನ್ನು ಅಂತ ಬರೆದಿದ್ದಿ. ನಿನಗೆ ಗೊತ್ತಿರಲಿಲ್ಲ, ನಿನ್ನದು ತಪ್ಪಲ್ಲ.

ಇನ್ನೊಂದು. ಶಿಸ್ತಿನ ಪೇಷಂಟ್ ಅಂತ ನಾನು ಮೆರೆದದ್ದೂ ಸುಳ್ಳಾಯಿತಲ್ಲ. ಸೂಜಿ ಹಾಕಿದರೂ, ಬಿಟ್ಟರೂ ಅಷ್ಟೇ ಅಂತ ನೀನೇ ಬರೆದಿದ್ದಿ. ಈಗ ಬೆಳಿಗ್ಗೆ ಎದ್ದರೆ ಮಾಡಲಿಕ್ಕೆ ಏನೋ ಬಾಕಿ ಇದ್ದ ಹಾಗೆ ಇನ್ಸುಲಿನ್ ಇಡುತ್ತಿದ್ದ ಫ್ರಿಜ್ಜಿನ ಎದುರು ನಿಲ್ಲುತ್ತೇನೆ.

ಸಾಕು. ಮಗು ಎದ್ದಿತು.

ಸರಸ ಚಿಕ್ಕಿ

ಪುಣೆ
15 ಜನವರಿ 2024

ಪ್ರೀತಿಯ ಚಿಕ್ಕಿ,

ನಿನ್ನ ಕಾಗದವನ್ನು ಲ್ಯಾಬಿನ ಮೆಟ್ಟಿಲಲ್ಲಿ ಕೂತು ಓದಿದೆ. ಎರಡನೇ ಸಲ ಓದುವಷ್ಟು ಧೈರ್ಯ ಬರಲಿಲ್ಲ. ಹೋಳಿಗೆ ತಿನ್ನು ಎಂದು ಬರೆದ ಕೈಯನ್ನು ಏನು ಮಾಡಬೇಕೋ ಗೊತ್ತಾಗುತ್ತಿಲ್ಲ.

ನೀನು ಮುಚ್ಚಿಟ್ಟದ್ದನ್ನು ಹೇಳಿದ ಮೇಲೆ ನಾನು ಸುಮ್ಮನಿರುವುದು ಸರಿಯಲ್ಲ. "ಬರೀ ಓದಿಗೆ" ಅಂತ ಬರೆದೆನಲ್ಲ, ಅದು ಸುಳ್ಳು. ಹೋದ ವರ್ಷ ಮೇ ತಿಂಗಳಲ್ಲಿ ಸಂಸ್ಥೆಯ ಆರೋಗ್ಯ ತಪಾಸಣೆಯಲ್ಲಿ ನನ್ನದು ಬರೀ ಹೊಟ್ಟೆಗೆ ನೂರಿಪ್ಪತ್ತಾರು ಬಂತು.  ನಾನು ಓದುವ ಕಿಣ್ವವೇ ಅಲ್ಲವಾ, ನನ್ನದೇ ಪರೀಕ್ಷೆ ಮೊದಲು ಮಾಡಿಸಿದೆ. ಇತ್ತು. ಅಮ್ಮನಿಂದ ಬಂದದ್ದೆಂದು ಗೊತ್ತಾಗಬೇಕಾದರೆ ಅಮ್ಮ ಇಲ್ಲ. ಅದಕ್ಕೇ ನಿನ್ನನ್ನು ಕೇಳಿದೆ.

ನಿನಗೆ ಹೇಳಲಿಲ್ಲ, ಯಾಕೆಂದರೆ ನನಗೆ ಒಂಬತ್ತು ವರ್ಷವಾಗಿದ್ದಾಗ ಇಲಿಜ್ವರದಲ್ಲಿ ಅಮ್ಮ ಹೋದಾಗಿನಿಂದ ನೀನು ಹೆದರಿಕೊಂಡೇ ನನ್ನನ್ನು ಸಾಕಿದ್ದು. ಪ್ರತಿ ಬೇಸಿಗೆ ರಜೆಯಲ್ಲಿ ಕುಂದಾಪುರಕ್ಕೆ ಕರೆದುಕೊಂಡು ಹೋಗಿ ಮೂತ್ರ ಪರೀಕ್ಷೆ ಮಾಡಿಸುತ್ತಿದ್ದೆ. ಮೂತ್ರದಲ್ಲಿ ಸಕ್ಕರೆ ಇಲ್ಲ ಎಂದರೆ ಹೊರಗೆ ಬಂದು ನನಗೆ ಐಸ್‌ಕ್ರೀಮ್ ಕೊಡಿಸಿ ನೀನು ಸೋಡಾ ಕುಡಿಯುತ್ತಿದ್ದೆ. ನಮ್ಮ ಈ ಸಕ್ಕರೆ ಮೂತ್ರಕ್ಕೆ ಇಳಿಯುವಷ್ಟು ಏರುವುದಿಲ್ಲ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಇಷ್ಟು ಕಾದರೂ ನನಗೆ ಬಂತು ಅಂತ ನೀನು ಕೊರಗುತ್ತೀ ಎಂದು ಹೆದರಿದೆ.

ಮತ್ತೆ ಒಂದು ನಾಚಿಕೆಯ ವಿಷಯ. ನನಗೆ ಇದೆ ಎಂದು ಗೊತ್ತಾದ ದಿನ ನಾನು ಅತ್ತದ್ದು ಹತ್ತು ನಿಮಿಷ. ಆಮೇಲೆ ಪುಸ್ತಕ ತೆಗೆದು ಓದಿದೆ, ಮದ್ದು ಬೇಡ ಅಂತ ತಿಳಿಯಿತು, ಊಟಕ್ಕೆ ಹೋದೆ. ನನಗೆ ಹತ್ತು ನಿಮಿಷ, ನಿನಗೆ ಇಪ್ಪತ್ತಾರು ವರ್ಷ. ಇದನ್ನು ಎಷ್ಟು ಸಲ ಯೋಚಿಸಿದರೂ ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ.

ನಿಶ್ಮಿತಾ

ಉಪ್ಪುಂದ
6 ಫೆಬ್ರವರಿ 2024

ಪ್ರೀತಿಯ ನಿಶ್ಮಿತಾ,

ನಿನ್ನ ಕಾಗದ ಓದಿ ಒಂದು ದಿನ ಸಿಟ್ಟು ಬಂತು. ಸುಳ್ಳು ಹೇಳಿದ್ದಕ್ಕೆ. ಮಾರನೇ ದಿನ ಹೋಯಿತು. ಇಬ್ಬರೂ ಒಂದೇ ಮನೆಯ ಅನ್ನ ಉಂಡವರು, ಮುಚ್ಚಿಡುವುದು ಇನ್ನೆಲ್ಲಿ ಕಲಿಯುತ್ತೀ.

ನಿನಗೆ ಬಂದದ್ದಕ್ಕೆ ನಾನು ಕೊರಗುವುದಿಲ್ಲ. ಕೊರಗಲಿಕ್ಕೆ ಶಕ್ತಿಯೂ ಇಲ್ಲ. ನೀನು ಹತ್ತು ನಿಮಿಷ ಅತ್ತದ್ದು ಸಾಕು.

ಮೊನ್ನೆ ಮಗುವಿಗೆ ಹೆಸರಿಡುವುದಿತ್ತು. ಶ್ರಾವ್ಯಳ ಅತ್ತೆ ಬ್ರಹ್ಮಾವರದಿಂದ ಬಂದಿದ್ದರು. ಎಲ್ಲರ ಎದುರಿಗೇ, "ಈ ಹೆಣ್ಣಿಗೂ ಅದ್ ಬಂದಿಪ್ಪುದಾ? ಮೊದ್ಲೇ ಗೊತ್ತಾರೆ ಒಳ್ಳೇದಿತ್ತ್" ಅಂದರು. ಶ್ರಾವ್ಯ ತಲೆ ತಗ್ಗಿಸಿದಳು. ಅಣ್ಣ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ.

"ಬಂದ್ರೂ ಬಂದಿಪ್ಪುದ್, ಬರ್ದೆಯೂ ಇಪ್ಪುದ್. ಪರೀಕ್ಷೆ ಮಾಡ್ಸುವ. ಬಂದಿದ್ರೆ ಕಾಗದ ಜೋಪಾನ ಮಾಡಿ ಇಟ್ಕಣಿ. ಮುಂದೆ ಯಾವ್ದಾರೂ ಡಾಕ್ಟ್ರ್ ಈ ಹೆಣ್ಣಿಗೆ ಸೂಜಿ ಹಾಕುಕ್ ಬಂದ್ರೆ ಆ ಕಾಗದ ತೋರ್ಸಿ, ಬ್ಯಾಡ ಅಂದೆಳಿ ಹೇಳುಕೆ. ಮತ್ತೆಂತಕೂ ಅಲ್ಲ. ನನ್ ಕಾಣಿ, ಐವತ್ತಾಯ್ತ್. ಕನ್ನಡಕ ಇಲ್ದೆ ಪೋಸ್ಟಲ್ ಆರ್ಡರ್ ಓದ್ತೆ."

ಶ್ರಾವ್ಯಳ ಅತ್ತೆ ಸ್ವಲ್ಪ ಹೊತ್ತು ಬಿಟ್ಟು ಮಗುವನ್ನು ಎತ್ತಿಕೊಂಡರು. ನಾನು ಅಷ್ಟು ಜನರ ಎದುರು ಹಾಗೆ ಮಾತಾಡಿದವಳಲ್ಲ. ಒಳಗೆ ಹೋಗಿ ನೀರು ಕುಡಿದೆ.

ಮಗುವಿಗೆ ಪ್ರಣತಿ ಅಂತ ಹೆಸರು.

ಸರಸ ಚಿಕ್ಕಿ

ಪುಣೆ
11 ಮಾರ್ಚ್ 2025

ಪ್ರೀತಿಯ ಚಿಕ್ಕಿ,

ಫೋನಿನಲ್ಲಿ ಆಗಾಗ ಮಾತಾಡಿದರೂ ಕಾಗದ ಬರೆದು ವರ್ಷವಾಯಿತು. ಹರಳು ಬಂತು ಅಂತ ಅಂದು ಹೇಳಿದ್ದೆನಲ್ಲ, ಅದರ ಚಿತ್ರ ಈಗ ಪೂರ್ತಿಯಾಗಿದೆ. ನಮ್ಮ ಕಿಣ್ವಕ್ಕೆ ದೊಡ್ಡದೊಂದು, ಚಿಕ್ಕದೊಂದು ಎರಡು ಭಾಗ, ನಡುವೆ ಒಂದು ಸಂದು. ಸಕ್ಕರೆ ಆ ಸಂದಿನಲ್ಲಿ ಕೂತಾಗ ಎರಡು ಭಾಗಗಳೂ ಹತ್ತಿರ ಬಂದು ಮುಚ್ಚಿಕೊಳ್ಳಬೇಕು. ನಮ್ಮ ಮನೆಯವರಲ್ಲಿ ಬದಲಾದ ತುಣುಕು ಅವು ಮಡಚುವ ಜಾಗದಲ್ಲೇ ಇದೆ, ಹಾಗಾಗಿ ಮುಚ್ಚುವುದು ನಿಧಾನ. ಅಷ್ಟೇ ವ್ಯತ್ಯಾಸ. ಅಳೆದರೆ ಕೂದಲಿನ ಲಕ್ಷದ ಒಂದು ಪಾಲೂ ಇಲ್ಲ. ನೋಡಿದಾಗ ಕುಣಿಯುತ್ತೇನೆ ಅಂದುಕೊಂಡಿದ್ದೆ. ಸುಮ್ಮನೆ ಕುರ್ಚಿಯಲ್ಲಿ ಒರಗಿ ಕೂತೆ.

ಲೇಖನ ಬರೆದಾಗಿದೆ. ಒಂದು ಪ್ರತಿ ಕಳಿಸಿದ್ದೇನೆ. ಎರಡನೇ ಪುಟದಲ್ಲಿ ನಮ್ಮ ಕುಟುಂಬದ ನಕ್ಷೆ ಇದೆ. ಯಾರ ಹೆಸರೂ ಇಲ್ಲ. ವೃತ್ತ ಎಂದರೆ ಹೆಣ್ಣು, ಚೌಕ ಎಂದರೆ ಗಂಡು, ಕಪ್ಪು ತುಂಬಿಸಿದ್ದರೆ ಈ ಬದಲಾವಣೆ ಇರುವವರು. ಪ್ರಕಟಿಸಲಿಕ್ಕೆ ನಿಮ್ಮೆಲ್ಲರ ಒಪ್ಪಿಗೆ ಬೇಕು. ಮಾವ, ಶ್ರಾವ್ಯ ಸಹಿ ಮಾಡಿ ಕಳಿಸಿದ್ದಾರೆ. ನೀನು ಓದಿ ನೋಡಿ ಮಾಡು.

ನಿಶ್ಮಿತಾ

ಉಪ್ಪುಂದ
2 ಏಪ್ರಿಲ್ 2025

ಪ್ರೀತಿಯ ನಿಶ್ಮಿತಾ,

ಹತ್ತು ದಿನ ತೆಗೆದುಕೊಂಡು ಓದಿದೆ. ಮಧ್ಯಾಹ್ನ ಆಫೀಸಿನ ಬಾಗಿಲು ಹಾಕಿದ ಮೇಲೆ ನಿನ್ನ ಹೈಸ್ಕೂಲಿನ ಡಿಕ್ಷನರಿ ಇಟ್ಟುಕೊಂಡು ದಿನಕ್ಕೆ ಒಂದು ಪುಟ. ಅರ್ಧ ಅರ್ಥವಾಗಲಿಲ್ಲ.

ನಕ್ಷೆ ಅರ್ಥವಾಯಿತು. ಮೇಲಿನ ಸಾಲಿನಲ್ಲಿ ನನ್ನ ಅಪ್ಪ ಅಮ್ಮ. ಕೆಳಗೆ ನಾವು ಮೂವರು. ನಿನ್ನ ಅಮ್ಮನ ವೃತ್ತದಿಂದ ಒಂದು ಗೆರೆ ಹೋಗಿ ಅದರ ಕೆಳಗೆ ನೀನು. ಅಣ್ಣನ ಚೌಕದಿಂದ ಒಂದು ಗೆರೆ, ಕೆಳಗೆ ಶ್ರಾವ್ಯ, ಅದರ ಕೆಳಗೆ ಚಿಕ್ಕ ಕಪ್ಪು ವೃತ್ತ ಪ್ರಣತಿ. ನನ್ನದರಿಂದ ಎಲ್ಲಿಗೂ ಗೆರೆ ಇಲ್ಲ. ಸರಿಯಾಗಿಯೇ ಬರೆದಿದ್ದಿ, ಅದನ್ನು ಬದಲಿಸು ಅನ್ನುವುದಿಲ್ಲ.

ಆದರೆ ಬರೆದದ್ದರಲ್ಲಿ ನನ್ನ ವಿಷಯ ಹುಡುಕಿದೆ. ಎರಡನೇ ತಲೆಮಾರಿನ ಮೂರನೆಯವಳು, ವಯಸ್ಸು ಐವತ್ತು, ಬರೀ ಹೊಟ್ಟೆಗೆ ನೂರಿಪ್ಪತ್ತೇಳು, ತೊಂದರೆಗಳಿಲ್ಲ, ಮದ್ದು ಇಲ್ಲ. ಇಷ್ಟೇ ಇದೆ.

ಮದ್ದು ಇಲ್ಲ ಎಂದರೆ ಹೇಗೆ ನಿಶ್ಮಿತಾ? ಓದುವವರು ಇವಳು ಆರಾಮಾಗಿ ಇದ್ದಳು ಅಂದುಕೊಳ್ಳುತ್ತಾರೆ. ಸಹಿ ಮಾಡಿ ಕಳಿಸಿದ್ದೇನೆ, ನಿನ್ನ ಓದು ನಿಲ್ಲುವುದು ಬೇಡ. ಆದರೆ ನಾನು ಎಷ್ಟು ವರ್ಷ ಇನ್ಸುಲಿನ್ ಹಾಕಿಕೊಂಡೆ ಎಂಬುದು ಅದರಲ್ಲಿ ಇರಬೇಕು. ಮದುವೆ ವಿಷಯ ಬೇಡ, ಅದು ನಿನಗೆ ಮಾತ್ರ ಹೇಳಿದ್ದು. ಸೂಜಿಯದ್ದು ಬರೆ. ಬೇರೆ ಯಾವುದೋ ಊರಿನಲ್ಲಿ ಒಬ್ಬ ಡಾಕ್ಟ್ರು ಇದನ್ನು ಓದುತ್ತಾ ಕೂತಿರುವಾಗ ಎದುರಿಗೆ ಇಪ್ಪತ್ತನಾಲ್ಕು ವರ್ಷದ ಸಪೂರ ಹೆಣ್ಣೊಂದು ಬಂದು ಕೂರಬಹುದು.

ಸರಸ ಚಿಕ್ಕಿ

ಪುಣೆ
29 ಆಗಸ್ಟ್ 2025

ಪ್ರೀತಿಯ ಚಿಕ್ಕಿ,

ಲೇಖನ ಅಚ್ಚಾಯಿತು. ಪ್ರತಿ ಇಟ್ಟಿದ್ದೇನೆ.

ನೀನು ಹೇಳಿದ್ದನ್ನು ಮೇಡಂ ಹತ್ತಿರ ಹೇಳಿದಾಗ ಮೊದಲು ಒಪ್ಪಲಿಲ್ಲ. "ಇದು ಕಿಣ್ವದ ರಚನೆಯ ಲೇಖನ ನಿಶ್ಮಿತಾ, ರೋಗಿಯ ಕಥೆಯಲ್ಲ. ಜಾಗ ಇಲ್ಲ" ಅಂದರು. ಇಷ್ಟು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದವಳಲ್ಲ. ಹಾಗಾದರೆ ನಕ್ಷೆಯಿಂದ ನನ್ನ ವೃತ್ತವನ್ನೂ ತೆಗೆಯಿರಿ, ನಾನು ಒಪ್ಪಿಗೆ ಕೊಡುವುದಿಲ್ಲ ಅಂದೆ. ನಕ್ಷೆಯಲ್ಲಿ ನಾನಿದ್ದೇನೆಂದು ಅವರಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಮಾದರಿಗೆ ಬರೀ ನಂಬರ್ ಹಾಕಿ ಕೊಟ್ಟಿದ್ದೆ. ಹೇಳದೆ ಇದ್ದದ್ದಕ್ಕೆ ಬೈದರು, ಬೈದದ್ದು ಸರಿಯೇ. ಆಮೇಲೆ, "ಬರೆದು ತಾ" ಅಂದರು.

ನಾಲ್ಕನೇ ಪುಟದ ಕೊನೆಯಲ್ಲಿದೆ. ನೀನೇ ಓದು.

ನಿಶ್ಮಿತಾ

ಉಪ್ಪುಂದ
10 ಸೆಪ್ಟೆಂಬರ್ 2025

ಪ್ರೀತಿಯ ನಿಶ್ಮಿತಾ,

ಓದಿದೆ. ಎರಡನೇ ತಲೆಮಾರಿನ ಮೂರನೇ ಸದಸ್ಯೆ ಸರಿಯಾದ ರೋಗನಿರ್ಣಯವಿಲ್ಲದೆ ಇಪ್ಪತ್ತಾರು ವರ್ಷ ಅನಗತ್ಯವಾಗಿ ಇನ್ಸುಲಿನ್ ತೆಗೆದುಕೊಂಡಿದ್ದರು. ಕನ್ನಡದಲ್ಲಿ ಹೀಗೇ ಆಗುತ್ತದಲ್ಲವಾ? ನಾನು ಒಂದು ಚೀಟಿಯಲ್ಲಿ ಬರೆದು ನೋಡಿದೆ.

ಅನಗತ್ಯವಾಗಿ ಎಂಬ ಪದಕ್ಕೆ ಡಿಕ್ಷನರಿಯಲ್ಲಿ ವೃಥಾ ಎಂತಲೂ ಹಾಕಿದ್ದಾರೆ. ಅದನ್ನು ನಾನು ಬರೆದುಕೊಳ್ಳಲಿಲ್ಲ. ಸೂಜಿ ವೃಥಾ ಹೌದು. ಆದರೆ ಅದೇ ವರ್ಷಗಳಲ್ಲಿ ನಿನ್ನನ್ನು ಒಂಬತ್ತು ವರ್ಷದಿಂದ ಇಲ್ಲಿಯ ತನಕ ತಂದದ್ದೂ ಇದೆ.

ವನಜಳಿಗೆ ತೋರಿಸಿದೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. "ಇದ್ರಂಗೆ ನಿಮ್ ಹೆಸ್ರ್ ಎಲ್ಲಿತ್ತ್ ಸರಸಕ್ಕ?" ಅಂತ ಕೇಳಿದಳು. ಆ ಸಾಲಿನ ಮೇಲೆ ಬೆರಳಿಟ್ಟೆ. ಅವಳು ಬಗ್ಗಿ ತುಂಬ ಹೊತ್ತು ನೋಡಿದಳು. ಆಮೇಲೆ ನಾವು ಟಪಾಲಿನ ಚೀಲ ಕಟ್ಟಿದೆವು.

ಸರಸ ಚಿಕ್ಕಿ